ಕುದುರೆ ಏರಿದ ದೇಶಭಕ್ತಿ

ಆಗಸ್ಟ್ 15 ಬರಲಿ, ನವೆಂಬರ್ 1 ಬರಲಿ, ಕಿತ್ತೂರು ಉತ್ಸವವೋ ರಾಯಣ್ಣ ಜಯಂತಿಯೋ ಬರಲಿ, ನಮ್ಮ ಊರುಗಳ ಉತ್ಸವ ಸಮಿತಿಯ ಸಭೆಯಲ್ಲಿ ಭಾಷಣಕ್ಕೆ ಯಾರನ್ನು ಕರೆಯುವುದೆಂಬ ಚರ್ಚೆಗಿಂತ ಮೊದಲು ಇನ್ನೊಂದು ಚರ್ಚೆ ನಡೆಯುತ್ತದೆ: ಕುದುರೆ ಎಲ್ಲಿಂದ ತರುವುದು? ಮದುವೆಗೆ ಬಾಡಿಗೆ ಹೋಗುವ ಬಿಳಿ ಕುದುರೆಯೊಂದನ್ನು ಗೊತ್ತು ಮಾಡುತ್ತಾರೆ. ಆರನೇ ತರಗತಿಯ ಹುಡುಗಿಗೆ ಕಚ್ಚೆಸೀರೆ ಉಡಿಸಿ, ರಟ್ಟಿನ ಕತ್ತಿಗೆ ಬೆಳ್ಳಿಕಾಗದ ಸುತ್ತಿ ಕೈಗೆ ಕೊಟ್ಟು, ಜೀನಿನ ಮೇಲೆ ಕೂರಿಸಿದರೆ ದೇಶಭಕ್ತಿಯ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಡಿಜೆ ನೋಡಿಕೊಳ್ಳುತ್ತದೆ.

ಕುದುರೆ ಇಲ್ಲದ ಮೆರವಣಿಗೆಗೆ ಕಳೆ ಇಲ್ಲ ಎಂಬುದು ಈಗ ಯಾರೂ ಎದುರು ಮಾತಾಡದ ನಂಬಿಕೆ. ವೀರರೆಂದರೆ ಕುದುರೆ ಏರಿದವರು, ಮಕ್ಕಳು ಅವರನ್ನು ಹಾಗೇ ಕಾಣಬೇಕು, ಕಂಡರೆ ಎದೆಯಲ್ಲಿ ಕೆಚ್ಚು ಹುಟ್ಟುತ್ತದೆ ಎನ್ನುತ್ತಾರೆ. ಶಾಲೆಯ ಮೇಷ್ಟ್ರು, ಶಾಸಕರು, ಕನ್ನಡ ಸಂಘದ ಅಧ್ಯಕ್ಷರು, ಮೂವರೂ ಒಪ್ಪುವ ಸಂಗತಿಗಳು ನಮ್ಮಲ್ಲಿ ಕಡಿಮೆ, ಇದು ಅವುಗಳಲ್ಲೊಂದು. ನಾನು ಇದನ್ನು ಒಪ್ಪುವುದಿಲ್ಲ. ಕುದುರೆಯ ಪಾಲಿಗೆ ಇದು ಹಿಂಸೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ನಮ್ಮ ನಾಡು ಹೇಗೆ ಹೋರಾಡಿತು ಎಂಬುದರ ಬಗ್ಗೆ ಈ ಕುದುರೆ ಮಕ್ಕಳಿಗೆ ಸುಳ್ಳು ಹೇಳುತ್ತದೆ.

ಮೊದಲು ಹಿಂಸೆಯ ಮಾತು ಮುಗಿಸಿಬಿಡೋಣ. ಕುದುರೆ ಬೇಟೆಯಾಡುವ ಪ್ರಾಣಿಯಲ್ಲ. ಸಾವಿರಾರು ವರ್ಷ ಹುಲಿ, ತೋಳಗಳ ಬಾಯಿಗೆ ಸಿಗದಂತೆ ಓಡಿ ಬದುಕಿದ ಪ್ರಾಣಿ. ಅದರ ಕಣ್ಣು ತಲೆಯ ಎರಡು ಪಕ್ಕಗಳಲ್ಲಿದೆ, ಹಾಗಾಗಿ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಒಂದೇ ನೋಟಕ್ಕೆ ಕಾಣುತ್ತದೆ; ಮೂಗಿನ ಮುಂದಿನ ತುಸು ಜಾಗ, ಬಾಲದ ಹಿಂದಿನ ಜಾಗ ಮಾತ್ರ ಕಾಣುವುದಿಲ್ಲ. ಮನುಷ್ಯನ ಕಿವಿಗೆ ನಿಲುಕದ ಎತ್ತರದ ಸ್ವರಗಳೂ ಅದಕ್ಕೆ ಕೇಳುತ್ತವೆ. ಇಂಥ ಪ್ರಾಣಿಯನ್ನು ಡಾಂಬರು ರಸ್ತೆಗೆ ತಂದು, ಮುಂದೆ ಪಟಾಕಿ ಸರ ಹಚ್ಚಿ, ಹಿಂದೆ ಆಳೆತ್ತರದ ಸ್ಪೀಕರ್ ಪೇರಿಸಿದ ಟ್ರ್ಯಾಕ್ಟರ್ ನಿಲ್ಲಿಸುತ್ತೇವೆ. ಕಬ್ಬಿಣದ ಲಾಳಕ್ಕೆ ಡಾಂಬರಿನ ಮೇಲೆ ಹಿಡಿತ ಸಿಗುವುದಿಲ್ಲ, ಜಾರುತ್ತದೆ. ಕುದುರೆ ಕಾಲು ಎತ್ತಿ ಎತ್ತಿ ಇಡುತ್ತದೆ, ತಲೆ ಕೊಡವುತ್ತದೆ, ಬಾಯಲ್ಲಿ ನೊರೆ ಬರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ: ಕುದುರೆ ಕುಣಿಯಿತು! ಅದು ಕುಣಿದದ್ದಲ್ಲ, ಓಡಲು ದಾರಿ ಹುಡುಕಿದ್ದು. ಕಡಿವಾಣ ಹಿಡಿದ ಹುಡುಗನಿಗೆ ಇದು ಚೆನ್ನಾಗಿ ಗೊತ್ತು. ಅವನ ಮುಖ ನೋಡಿ, ಅಲ್ಲಿ ದೇಶಭಕ್ತಿ ಕಾಣುವುದಿಲ್ಲ. ಈ ಒಂದು ತಾಸು ಹೇಗಾದರೂ ಕಳೆದರೆ ಸಾಕೆಂಬ ಆತಂಕ ಕಾಣುತ್ತದೆ.

ಪಳಗದ ಕುದುರೆಯನ್ನು ಬೆದರಿಸುವ ವಸ್ತುಗಳಲ್ಲಿ ಗಾಳಿಗೆ ಪಟಪಟ ಬಡಿದುಕೊಳ್ಳುವ ಬಟ್ಟೆ ದೊಡ್ಡದು. ಅಂದರೆ ಬಾವುಟ. ಪೊಲೀಸ್ ಅಶ್ವದಳಗಳಲ್ಲಿ ಕುದುರೆಗೆ ಬಾವುಟ, ಕೊಡೆ, ಬಲೂನು, ಗುಂಪು ಇವನ್ನೆಲ್ಲ ರೂಢಿ ಮಾಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನಮ್ಮ ಸಮಿತಿಯವರು ಬೆಳಿಗ್ಗೆ ಒಂಬತ್ತಕ್ಕೆ ಕುದುರೆ ತರಿಸಿ ಹತ್ತಕ್ಕೆ ಅದರ ನೆತ್ತಿಯ ಮೇಲೆ ತ್ರಿವರ್ಣ ಬೀಸುತ್ತಾರೆ. ಅದೂ ಸಾಲದೆಂದು ಕೆಲವು ಕಡೆ ಕುದುರೆಯ ಮೈಗೇ ಕೇಸರಿ, ಬಿಳಿ, ಹಸಿರು ಬಳಿಯುವುದುಂಟು. ವಾಹನದ ಮೇಲೆ ಬಾವುಟ ಹೊದಿಸಕೂಡದೆಂದು ಧ್ವಜಸಂಹಿತೆ ಹೇಳುತ್ತದೆ. ಬೆವರುವ, ಲದ್ದಿ ಹಾಕುವ ಜೀವದ ಬೆನ್ನಿಗೆ ಬಳಿಯಬಹುದೆಂದು ಹೇಳಿದವರು ಯಾರು?

ಮೈಸೂರಿನವರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರು. ದಸರೆಗೆ ಮುಂಚೆ ಆನೆಗಳನ್ನೂ ಅಶ್ವದಳದ ಕುದುರೆಗಳನ್ನೂ ಫಿರಂಗಿಗಳ ಹತ್ತಿರ ಕರೆತಂದು ಕುಶಾಲತೋಪು ಹಾರಿಸಿ ತಾಲೀಮು ಮಾಡಿಸುತ್ತಾರೆ. ಒಂದು ದಿನಕ್ಕೆ ಬಿಡುವುದಿಲ್ಲ, ಬೇರೆ ಬೇರೆ ದಿನ ಮತ್ತೆ ಮತ್ತೆ ಮಾಡಿಸುತ್ತಾರೆ. ಮೊದಲ ಸಲ ಬೆಚ್ಚಿದ ಕುದುರೆ ಕೊನೆಯ ಸಲ ಕಿವಿ ಮಾತ್ರ ಆಡಿಸುತ್ತದೆ. ವರ್ಷವಿಡೀ ಒಂದೇ ಲಾಯದಲ್ಲಿ, ಒಂದೇ ಕೈಯಿಂದ ಹುರುಳಿ ತಿಂದು ಬೆಳೆದ ಕುದುರೆಗೇ ಇಷ್ಟು ತಯಾರಿ ಬೇಕು. ಇಷ್ಟಾದ ಮೇಲೂ ಭರವಸೆಯಿಲ್ಲ. 2024ರ ಏಪ್ರಿಲ್ 24ರಂದು ಲಂಡನ್ನಿನಲ್ಲಿ ಅರಮನೆಯ ಪರೇಡುಗಳಿಗೆಂದೇ ಪಳಗಿಸಿದ ಸೇನೆಯ ಕುದುರೆಗಳು ಕಟ್ಟಡ ಕೆಲಸದ ಜಾಗದಲ್ಲಿ ಏನೋ ಕೆಳಗೆ ಬಿದ್ದ ಸದ್ದಿಗೆ ಬೆದರಿ, ಸವಾರರನ್ನು ಕೆಡವಿ, ನಗರದ ನಡುವೆ ಮೈಲುಗಟ್ಟಲೆ ಓಡಿದವು. ಒಂದು ಬಿಳಿ ಕುದುರೆಯ ಎದೆಯೆಲ್ಲ ರಕ್ತವಾಗಿದ್ದ ಚಿತ್ರವನ್ನು ಜಗತ್ತೇ ನೋಡಿತು. ಜಗತ್ತಿನಲ್ಲೇ ಅತಿ ಚೆನ್ನಾಗಿ ಪಳಗಿದ ಕುದುರೆಗಳ ಕಥೆ ಇದು. ನಿನ್ನೆ ರಾತ್ರಿ ಮದುವೆಯ ಬ್ಯಾಂಡಿನ ಜೊತೆ ನಿಂತು ಬಂದ ಕುದುರೆಯ ಮೇಲೆ ಹನ್ನೊಂದು ವರ್ಷದ ಮಗುವನ್ನು ಕೂರಿಸುವವರು ಯಾವ ಧೈರ್ಯದ ಮೇಲೆ ಕೂರಿಸುತ್ತಾರೋ ನನಗೆ ತಿಳಿಯದು.

ಇಷ್ಟು ಹೇಳಿದರೆ ತಕ್ಷಣ ಬರುವ ಉತ್ತರ: ಹಾಗಾದರೆ ದಿಲ್ಲಿಯ ಗಣರಾಜ್ಯೋತ್ಸವದ ಪರೇಡಿನಲ್ಲಿ ಕುದುರೆಗಳಿಲ್ಲವೆ? ಇವೆ. ಜಯಪುರದ 61ನೇ ಕ್ಯಾವಲ್ರಿ ಬರುತ್ತದೆ, ರಾಷ್ಟ್ರಪತಿಗಳ ಅಂಗರಕ್ಷಕ ದಳ ಬರುತ್ತದೆ. ಆ ಸವಾರರ ಕಸುಬನ್ನು ಹಗುರವಾಗಿ ಕಾಣುವವನು ನಾನಲ್ಲ. 2022ರ ಜನವರಿ 26ರಂದು ಅಂಗರಕ್ಷಕ ದಳದ ‘ವಿರಾಟ್’ ಎಂಬ ಕುದುರೆ ಸೇವೆಯಿಂದ ನಿವೃತ್ತವಾದಾಗ ರಾಷ್ಟ್ರಪತಿ, ಪ್ರಧಾನಿಗಳು ಹತ್ತಿರ ಬಂದು ಅದರ ಕತ್ತು ನೇವರಿಸಿದರು. ಹದಿಮೂರು ಪರೇಡುಗಳಲ್ಲಿ ನಡೆದಿದ್ದ ಕುದುರೆಗೆ ಸೇನಾ ಮುಖ್ಯಸ್ಥರ ಪ್ರಶಂಸಾಪತ್ರವೂ ಸಿಕ್ಕಿತ್ತು. ಬಾಡಿಗೆ ಕುದುರೆಗೆ ನಿವೃತ್ತಿ ಎಂಬುದೇ ಇಲ್ಲ. ಆದರೆ ನನ್ನ ತಕರಾರು ಇರುವುದು ಸಾಕಣೆಯ ಬಗ್ಗೆ ಮಾತ್ರ ಅಲ್ಲವಾದ್ದರಿಂದ, ಈ ಎರಡು ದಳಗಳ ಇತಿಹಾಸವನ್ನೂ ಸ್ವಲ್ಪ ನೋಡಬೇಕು.

ಅಂಗರಕ್ಷಕ ದಳವನ್ನು ಕಟ್ಟಿದವನು ವಾರನ್ ಹೇಸ್ಟಿಂಗ್ಸ್, 1773ರಲ್ಲಿ, ಕಾಶಿಯಲ್ಲಿ. ಕಾವಲಿದ್ದದ್ದು ಕಂಪನಿಯ ಗವರ್ನರ್ ಜನರಲ್‌ಗೆ. ಸ್ವಾತಂತ್ರ್ಯ ಬಂದ ಮೇಲೆ ಹೆಸರು ಬದಲಾಯಿತು, ಸವಾರರ ಆಯ್ಕೆಯ ರೀತಿ ಬದಲಾಗಲಿಲ್ಲ. ಜಾಟರು, ರಜಪೂತರು, ಜಾಟ್ ಸಿಖ್ಖರು, ಈ ಮೂರು ಸಮುದಾಯಗಳವರನ್ನು ಮಾತ್ರ ಸೇರಿಸಿಕೊಳ್ಳುವುದನ್ನು ಪ್ರಶ್ನಿಸಿ 2018ರಲ್ಲಿ ದಿಲ್ಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಗಣರಾಜ್ಯದ ಹಬ್ಬದಲ್ಲಿ ಗಣರಾಜ್ಯದ ಮುಖ್ಯಸ್ಥರ ಹಿಂದೆ ಮುಂದೆ ಸಾಗುವ ಕುದುರೆಯ ಜೀನು ಯಾರ ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆ ಎಪ್ಪತ್ತು ವರ್ಷ ಕಳೆದ ಮೇಲೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

61ನೇ ಕ್ಯಾವಲ್ರಿಯದು ನಮಗೆ ಹತ್ತಿರದ ಕಥೆ. 1953ರಲ್ಲಿ ಸಂಸ್ಥಾನಗಳ ಅಶ್ವಪಡೆಗಳನ್ನು ಒಟ್ಟುಗೂಡಿಸಿ ಕಟ್ಟಿದ ಈ ದಳದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಕರಗಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದವರೂ ಮೈಸೂರಿನವರೂ ಈಟಿ, ಕತ್ತಿ ಹಿಡಿದು, ಮೆಷಿನ್ ಗನ್ನಿನ ಬಾಯಿಗೆ ಕುದುರೆ ಹೊಡೆದು ಗೆದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ದಿಲ್ಲಿಯ ತೀನ್ ಮೂರ್ತಿಯ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಅವರ ಎದೆಗಾರಿಕೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವರು ಗೆದ್ದುಕೊಟ್ಟದ್ದು ಯಾರಿಗೆ? ಬ್ರಿಟಿಷ್ ಸಾಮ್ರಾಜ್ಯಕ್ಕೆ. ಮುಂದಿನ ಏಪ್ರಿಲಿನಲ್ಲಿ ಅದೇ ಸಾಮ್ರಾಜ್ಯ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿತು. ಹೈಫಾದ ಶೌರ್ಯವನ್ನು ಶೌರ್ಯವೆಂದೇ ನೆನೆಯೋಣ. ಅದನ್ನು ಸ್ವಾತಂತ್ರ್ಯ ಹೋರಾಟದ ಪಟ್ಟಿಗೆ ಮೆಲ್ಲಗೆ ಸೇರಿಸುವುದು ಮಾತ್ರ ಕುದುರೆಯ ಚಂದಕ್ಕೆ ಮರುಳಾಗಿ ಲೆಕ್ಕ ತಪ್ಪಿಸುವ ಕೆಲಸ.

ಸ್ವಾತಂತ್ರ್ಯ ಹೋರಾಟದಲ್ಲಿ ಕುದುರೆಗಳು ಇರಲಿಲ್ಲವೆಂದಲ್ಲ. ಇದ್ದವು, ಎದುರು ಪಕ್ಷದಲ್ಲಿ. 1928ರ ನವೆಂಬರಿನಲ್ಲಿ ಲಖನೌದಲ್ಲಿ ಸೈಮನ್ ಆಯೋಗವನ್ನು ವಿರೋಧಿಸಿ ನಿಂತವರ ಮೇಲೆ ಕುದುರೆ ಪೊಲೀಸರು ನುಗ್ಗಿ ಲಾಠಿ ಬೀಸಿದರು. ಏಟು ತಿಂದವರಲ್ಲಿ ಜವಾಹರಲಾಲ್ ನೆಹರೂ, ಗೋವಿಂದ ವಲ್ಲಭ ಪಂತ್ ಇದ್ದರು. ನೆಹರೂ ತಮ್ಮ ಆತ್ಮಕಥೆಯಲ್ಲಿ ಆ ದಿನವನ್ನು ವಿವರವಾಗಿ ಬರೆದಿದ್ದಾರೆ. ಮುಂದೆ ಈ ದೇಶದ ಮೊದಲ ಪ್ರಧಾನಿಯಾದವನ ಬೆನ್ನಿಗೆ ಬಿದ್ದ ಪೆಟ್ಟು ಜೀನಿನ ಮೇಲಿಂದ ಬಂತು. ಸತ್ಯಾಗ್ರಹದ ಗುಂಪುಗಳನ್ನು ಚದುರಿಸಲು ಕುದುರೆಗಿಂತ ಒಳ್ಳೆಯ ಸಾಧನ ಆಗ ಸರ್ಕಾರದ ಕೈಯಲ್ಲಿರಲಿಲ್ಲ: ಮೇಲೆ ಕೂತವನು ಕೆಳಗಿನವನ ತಲೆಗೆ ಹೊಡೆಯಬಲ್ಲ, ಕೆಳಗಿನವನ ಕೈ ಅವನ ಮೊಣಕಾಲನ್ನೂ ಮುಟ್ಟದು.

ನಮ್ಮ ದೇಶ ಕಂಡ ಅತಿ ದೊಡ್ಡ ದೇಶಭಕ್ತಿಯ ಮೆರವಣಿಗೆ ಯಾವುದೆಂದು ಕೇಳಿದರೆ ದಂಡಿಯಾತ್ರೆ ಎನ್ನುವುದಕ್ಕೆ ಯಾರೂ ತಡವರಿಸುವುದಿಲ್ಲ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು ಸುಮಾರು 385 ಕಿಲೊಮೀಟರು ನಡೆದ ಆ ಯಾತ್ರೆಯಲ್ಲಿಯೂ ಒಂದು ಕುದುರೆ ಇತ್ತು. ಅರವತ್ತು ದಾಟಿದ ಗಾಂಧೀಜಿಗೆ ದಣಿವಾದರೆ ಇರಲೆಂದು ಜೊತೆಯಲ್ಲಿ ತಂದಿದ್ದರು. ಗಾಂಧೀಜಿ ಅದನ್ನು ಏರಲೇ ಇಲ್ಲ. ಕಾಲು ನೋಯಲಿ, ಮೈ ಸೋಲಲಿ, ಕೋಲೂರಿ ನಡೆದರು. ಕುದುರೆ ಬರಿಬೆನ್ನಲ್ಲಿ ಹಿಂದೆ ಬಂತು. ಜನಕ್ಕೆ ಅರ್ಥವಾಗುವ ಮೆರವಣಿಗೆ ಹೇಗಿರಬೇಕೆಂದು ಆ ಮನುಷ್ಯನಷ್ಟು ಬಲ್ಲವರು ಈ ದೇಶದಲ್ಲಿ ಹುಟ್ಟಿಲ್ಲ. ಏರಿದ್ದರೆ ಆರೋಗ್ಯದ ನೆಪ ಇತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಉಪ್ಪಿನ ಮೇಲಿನ ಕರ ಬೀಳುತ್ತಿದ್ದದ್ದು ನಡೆದು ಬದುಕುವವರ ಮೇಲೆ. ಅವರ ಮಾತನ್ನು ಎತ್ತರದಿಂದ ಆಡಲು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಆ ಯಾತ್ರೆಯಲ್ಲಿ ನಮ್ಮ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಹುಡುಗ ಮೈಲಾರ ಮಹಾದೇವಪ್ಪನೂ ನಡೆದ. ಆಗ ಆತನಿಗೆ ಇಪ್ಪತ್ತೂ ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಪೊಲೀಸರ ಗುಂಡಿಗೆ ಬಿದ್ದ. ನಮ್ಮ ಶಾಲೆಗಳ ಸ್ತಬ್ಧಚಿತ್ರಗಳಲ್ಲಿ ಮಹಾದೇವಪ್ಪ ಎಷ್ಟು ಸಲ ಕಾಣಿಸಿಕೊಳ್ಳುತ್ತಾನೆ? ಖಾದಿ ಅಂಗಿ ತೊಟ್ಟು ಬರಿಗಾಲಲ್ಲಿ ನಿಂತ ಹುಡುಗನಿಗೆ ಫೋಟೊದಲ್ಲಿ ಜಾಗ ಸಿಗುವುದು ಕಷ್ಟ, ಪಕ್ಕದಲ್ಲಿ ಬಿಳಿ ಕುದುರೆ ನಿಂತಿರುತ್ತದಲ್ಲ!

ಚೆನ್ನಮ್ಮ, ರಾಯಣ್ಣರ ಕಾಲ ಬೇರೆ, ಅವರದು ಕತ್ತಿ ಕುದುರೆಗಳ ಕಾಲ ಎನ್ನಬಹುದು. ಚೆನ್ನಮ್ಮ ಕುದುರೆ ಸವಾರಿ ಬಲ್ಲವಳಾಗಿದ್ದಳು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕಿತ್ತೂರಿನ ಜಗಳ ಶುರುವಾದದ್ದು ಕಾಗದದ ಮೇಲೆ. ದತ್ತುಪುತ್ರ ಶಿವಲಿಂಗಪ್ಪನ ಹಕ್ಕನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ತನ್ನ ನ್ಯಾಯ ಬರೆದು ಕಳಿಸಿದಳು. ಬರೆದದ್ದು ಫಲಿಸದಿದ್ದಾಗ 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯಿತು, ಥ್ಯಾಕರೆ ಹೆಣವಾದ. ಅವನನ್ನು ಕೆಡವಿದ್ದು ಚೆನ್ನಮ್ಮನ ಬಂಟ ಅಮಟೂರು ಬಾಳಪ್ಪನ ಬಂದೂಕು. ಆಮೇಲೆ ಸೋಲು, ಸೆರೆ, ಬೈಲಹೊಂಗಲದ ಕೋಟೆಯಲ್ಲಿ ನಾಲ್ಕು ವರ್ಷಗಳ ಬಂಧನ, 1829ರ ಫೆಬ್ರುವರಿಯಲ್ಲಿ ಅಲ್ಲೇ ಸಾವು. ರಾಜ್ಯದ ಹಕ್ಕಿಗಾಗಿ ಕಂಪನಿಯ ಜೊತೆ ಕಾನೂನಿನ ಭಾಷೆಯಲ್ಲಿ ವಾದಿಸಿದ ವಿಧವೆ ರಾಣಿ, ಸೆರೆಯಲ್ಲಿ ಕೂತು ವರ್ಷಗಳನ್ನು ಕಳೆದ ಹೆಂಗಸು, ಇವೆರಡೂ ಕುದುರೆಯ ಮೇಲೆ ಹತ್ತುವುದಿಲ್ಲ. ಆದ್ದರಿಂದ ನಮ್ಮ ಮಕ್ಕಳಿಗೆ ಗೊತ್ತೂ ಇಲ್ಲ. ಕತ್ತಿ ಎತ್ತಿದ ಕೈ ಗೊತ್ತು; ಆ ಕೈ ಬರೆಸಿದ ಅರ್ಜಿ ಗೊತ್ತಿಲ್ಲ.

ರಾಯಣ್ಣನದು ಇನ್ನೂ ದೊಡ್ಡ ಅನ್ಯಾಯ. ಜನ ನೆನೆಯುವ ಹಾಗೆ ಆತ ಹುಟ್ಟಿದ್ದು 1798ರ ಆಗಸ್ಟ್ 15. ನಂದಗಡದಲ್ಲಿ ಗಲ್ಲಿಗೇರಿದ್ದು 1831ರ ಜನವರಿ 26. ನಮ್ಮ ಎರಡೂ ರಾಷ್ಟ್ರೀಯ ಹಬ್ಬಗಳು ಅವನ ದಿನಗಳೇ. ಕುರುಬರ ಮನೆಯ ಆ ಮಗ ಅರಸನಲ್ಲ, ಶೇತಸನದಿ. ಊರ ಕಾವಲಿಗೆ ಪ್ರತಿಯಾಗಿ ಭೂಮಿ ಉಂಡವನು. ಕಂಪನಿ ಆ ಭೂಮಿಗೆ ಕೈ ಹಾಕಿದಾಗ, ಕರ ಏರಿಸಿದಾಗ, ಬಡ ರೈತರನ್ನು ಕಟ್ಟಿಕೊಂಡು ಕಾಡು ಸೇರಿದ. ಹಗಲು ಅಡವಿಯಲ್ಲಿ ಅಡಗಿ, ರಾತ್ರಿ ಬಂದು ಕಂಪನಿಯ ಕಚೇರಿಗಳಿಗೆ ಬೆಂಕಿ ಇಟ್ಟ. ಸುಟ್ಟದ್ದು ಏನನ್ನು? ದಫ್ತರಗಳನ್ನು, ಯಾರ ಹೊಲ ಯಾರಿಂದ ಹೋಯಿತೆಂದು ಬರೆದಿಟ್ಟ ಕಾಗದಗಳನ್ನು. ಕಾಡಿನ ಇಕ್ಕಟ್ಟು ದಾರಿ, ಕಾಲಿನ ಬಲ, ಊರವರ ಬಾಯಿ ಗುಟ್ಟು, ಇವು ಅವನ ಸೈನ್ಯ. ಅಂಥವನಿಗೆ ನಾವು ಕೊಟ್ಟದ್ದು ಎದುರಿಗೆ ಎದುರು ನಿಂತು ಕಾದುವ ಮಹಾರಾಜನ ಭಂಗಿ. ಬೆಂಗಳೂರಿನ ರೈಲು ನಿಲ್ದಾಣದ ಹೊರಗೆ ಕುದುರೆಯೇರಿ ನಿಂತ ವಿಗ್ರಹವನ್ನು ನೋಡಿದ ಮಗುವಿಗೆ ಈತ ರೈತರ ದಂಗೆಯ ಮುಂದಾಳು ಎಂದು ಹೇಗೆ ತಿಳಿಯಬೇಕು? ನಂದಗಡದ ಜನ ಅವನ ನೆನಪಿನ ಆಲದ ಮರಕ್ಕೆ ಮಕ್ಕಳ ಫಲ ಬೇಡಿ ತೊಟ್ಟಿಲು ಕಟ್ಟುತ್ತಾರೆ. ಅವರಿಗೆ ಕುದುರೆ ಬೇಕಾಗಲಿಲ್ಲ.

ಇಲ್ಲಿ ನನ್ನನ್ನು ತಡೆದು ನಿಲ್ಲಿಸಬಲ್ಲ ವಾದ ಒಂದೇ. ಅದನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ. ‘ಇಷ್ಟು ವರ್ಷ ಅರಸುಮಕ್ಕಳಿಗೆ, ಮೇಲಿನವರಿಗೆ ಮಾತ್ರ ಕುದುರೆ ಇತ್ತು. ನಮ್ಮವನನ್ನು ಈಗ ಅದರ ಮೇಲೆ ಕೂರಿಸಿದ್ದೇವೆ. ಕೂರಿಸಿದ ಕೂಡಲೇ ನಿಮಗೆ ಕುದುರೆ ಬೇಡವಾಯಿತೆ?’ ಈ ಮಾತಿನಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವಿದೆ. 2018ರಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ದಲಿತ ಯುವಕನೊಬ್ಬನ ಕೊಲೆಯಾಯಿತು. ಕುದುರೆ ಸಾಕಿ ಸವಾರಿ ಮಾಡುತ್ತಿದ್ದದ್ದೇ ಕಾರಣವೆಂದು ಮನೆಯವರು ದೂರಿದರು. ಅದೇ ವರ್ಷ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯಲ್ಲಿ ದಲಿತ ವರನೊಬ್ಬ ತನ್ನ ಮದುವೆಯ ಮೆರವಣಿಗೆಗಾಗಿ ಹೈಕೋರ್ಟಿನವರೆಗೆ ಅಲೆಯಬೇಕಾಯಿತು. ರಾಜಸ್ಥಾನದ ಬೂಂದಿಯಲ್ಲಿ ದಲಿತ ವರರು ಕುದುರೆ ಏರಿ ಹೋಗಲೆಂದು ಪೊಲೀಸರೇ 2022ರಲ್ಲಿ ‘ಆಪರೇಷನ್ ಸಮಾನತಾ’ ಎಂದು ಕಾರ್ಯಾಚರಣೆ ಮಾಡಬೇಕಾಯಿತು. ಅಲ್ಲಿ ಏರುವ ಪ್ರತಿಯೊಬ್ಬನ ಹಕ್ಕನ್ನೂ ಬಂದೋಬಸ್ತು ಕೊಟ್ಟಾದರೂ ಕಾಯಬೇಕು. ಬೇರೆಯವರು ಏರುವವರೆಗೆ ಅವರೂ ಏರಲಿ. ಮೊದಲು ಅವರೇ ಇಳಿಯಲಿ ಎನ್ನಲು ಯಾರಿಗೂ ಬಾಯಿಲ್ಲ.

ಆದರೆ ಗಣರಾಜ್ಯದ ಹಬ್ಬ ಒಬ್ಬರ ಮನೆಯ ಮದುವೆಯಲ್ಲ. ಅಲ್ಲಿ ಯಾರನ್ನು ಎತ್ತರದಲ್ಲಿ ಕೂರಿಸುತ್ತೇವೆಂಬುದು ಸಂವಿಧಾನಕ್ಕೆ ಸೇರಿದ ಪ್ರಶ್ನೆ. ಕುದುರೆಯಿಂದ ಮನುಷ್ಯನ ಕಿಮ್ಮತ್ತು ಏರುತ್ತದೆ ಎಂಬ ಲೆಕ್ಕ ಯಾರದು? ಭಾವನಗರದಲ್ಲಿ, ಕಾಸ್‌ಗಂಜ್‌ನಲ್ಲಿ ದಾರಿಗೆ ಅಡ್ಡ ನಿಂತವರದೇ ಲೆಕ್ಕ ಅದು. ನೆಲದ ಮೇಲೆ ನಡೆದವನು ವೀರನಾಗಲಾರ, ಜೀನಿಗೆ ಹತ್ತಿಸಿದರೇ ಮಾನ ಎಂದು ನಾವೂ ಒಪ್ಪಿಕೊಂಡರೆ ರಾಯಣ್ಣನನ್ನು ಎತ್ತರಿಸಿದಂತಾಗಲಿಲ್ಲ. ಅವನು ಯಾರ ಪರವಾಗಿ ಕಾಡು ಸೇರಿದನೋ ಅವರನ್ನು ಕುದುರೆಯ ಕಾಲಡಿಗೆ ಬಿಟ್ಟಂತಾಯಿತು. ಕುರುಬ ಸಮುದಾಯದ ಹಿರಿಯರೊಬ್ಬರು ನನ್ನ ಈ ಮಾತಿಗೆ, ‘ನಿಮಗೇನ್ರೀ, ನಿಮ್ಮವರೆಲ್ಲ ಆಗಲೇ ಏರಿ ಇಳಿದಾರ’ ಎಂದರೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ನಿಜ. ಆದರೂ ವಾದ ಬಿಡಲಾರೆ.

ಹಾಗಾದರೆ ಜನ ನೋಡುವುದೇನನ್ನು ಎಂದು ಸಮಿತಿಯವರು ಕೇಳುತ್ತಾರೆ. ನೋಡುವುದಕ್ಕೆ ಬರವೇ! 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತಡಿಯಲ್ಲಿ ಉಪ್ಪು ಎತ್ತಿದರು. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದ ಜನರ ಮೇಲೆ ಗುಂಡು ಹಾರಿತು. 1942ರಲ್ಲಿ ಶಿಕಾರಿಪುರದ ಈಸೂರು ತಾನು ಸ್ವತಂತ್ರವೆಂದು ಸಾರಿಕೊಂಡು, ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿತು. ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಬೇಕೆ? ಟೋಪಿ ತೊಟ್ಟ ಹನ್ನೆರಡರ ಅಮಲ್ದಾರ ಕಚೇರಿಯ ಗತ್ತಿನಲ್ಲಿ ರಸ್ತೆಯಲ್ಲಿ ನಡೆದು ಬರಲಿ, ದೊಡ್ಡವರು ಕೈಕಟ್ಟಿ ಹಿಂದೆ ಬರಲಿ. ಜನ ಮೊದಲು ನಗುತ್ತಾರೆ, ಆಮೇಲೆ ಇದು ನಡೆದದ್ದೇ ಎಂದು ಕೇಳುತ್ತಾರೆ. ಆ ಊರಿನ ಐವರನ್ನು ಗಲ್ಲಿಗೇರಿಸಿದರೆಂದು ಆಗ ಮೇಷ್ಟ್ರು ಹೇಳಬಹುದು.

ಕಡೆಯದಾಗಿ ಕುದುರೆಯವನ ಹೊಟ್ಟೆಪಾಡು. ಬಾಡಿಗೆ ತಪ್ಪಿಸಿದರೆ ಅವನ ಮನೆ ಹೇಗೆ ನಡೆಯಬೇಕು ಎಂದು ಕೇಳುವವರು ಸಾಮಾನ್ಯವಾಗಿ ಆ ಬಾಡಿಗೆಯಲ್ಲಿ ಐನೂರು ರೂಪಾಯಿ ಚೌಕಾಸಿ ಮಾಡಿದವರೇ ಆಗಿರುತ್ತಾರೆ. ನಿಜವಾಗಿ ಚಿಂತೆಯಿದ್ದರೆ ಆ ದಿನದ ಬಾಡಿಗೆಯನ್ನು ಪೂರ್ತಿ ಕೊಡಿ. ಮರುವಾರ ಒಂದು ಬೆಳಿಗ್ಗೆ, ಪಟಾಕಿ ಡಿಜೆಗಳಿಲ್ಲದ ಹೊತ್ತಿನಲ್ಲಿ, ಶಾಲೆಯ ಮಣ್ಣಿನ ಅಂಗಳಕ್ಕೆ ಅವನನ್ನೂ ಕುದುರೆಯನ್ನೂ ಕರೆಸಿ. ಲಾಳ ಹೇಗೆ ಹೊಡೆಯುತ್ತಾರೆ, ಹುರುಳಿ ಎಷ್ಟು ನೆನೆಸಬೇಕು, ಕಿವಿ ಹಿಂದಕ್ಕೆ ಮಡಚಿದರೆ ಏನರ್ಥ, ಹಿಂದಿನಿಂದ ಯಾಕೆ ಹೋಗಬಾರದು, ಇದನ್ನೆಲ್ಲ ಅವನು ಮಕ್ಕಳಿಗೆ ಹೇಳಲಿ. ಮಾತಿಗೆ ಗೌರವಧನ ಕೊಡಿ, ಶಾಲು ಬೇಕಾದರೆ ಹೊದಿಸಿ. ಎಲ್ಲ ಸೇರಿ ಡಿಜೆಗೆ ಕೊಡುವುದರಲ್ಲಿ ಅರ್ಧದಷ್ಟೂ ಆಗುವುದಿಲ್ಲ.